ಕಲ್ಲಾದ ಬ್ರೇಕು, ಖಾಲಿ ಡಬ್ಬಿಯ ಚರಿತ್ರೆ

ಬೀದರ ಜಿಲ್ಲೆಯ ವಾಯವ್ಯ ಅಂಚಿನಲ್ಲಿರುವ ಕಮಲನಗರ ಎರಡು ದಾರಿಗಳ ಊರು. ಭಾಲ್ಕಿಯಿಂದ ಉದಗೀರಿಗೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ. ಅದೇ ದಿಕ್ಕಿನ ಮೋಟಾರು ರಸ್ತೆಯೂ ಊರನ್ನು ಹಾದು ಮಹಾರಾಷ್ಟ್ರದ ಗಡಿ ಸೇರುತ್ತದೆ. 1930ರ ದಶಕದ ಆರಂಭದಲ್ಲಿ ನಿಜಾಮರ ಕಾಲದ ರೈಲ್ವೆ ವಿಕಾರಾಬಾದಿನಿಂದ ಬೀದರಿಗೂ, ಅಲ್ಲಿಂದ ಪರಳಿ ವೈಜನಾಥಕ್ಕೂ ಹಳಿ ಹಾಕಿದಾಗ ಈ ಸೀಮೆಯ ತೊಗರಿ, ಉದ್ದು, ಜೋಳಕ್ಕೆ ಹೊರಜಗತ್ತಿನ ಬಾಗಿಲು ತೆರೆಯಿತು. 1956ರಲ್ಲಿ ಹೈದರಾಬಾದ್ ಸಂಸ್ಥಾನದ ಸೀಮೆ ಹಂಚಿಹೋಗಿ ಬೀದರ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಔರಾದ ತಾಲೂಕಿನಲ್ಲಿದ್ದ ಕಮಲನಗರ 2010ರ ದಶಕದ ಕೊನೆಯಲ್ಲಿ ತಾನೇ ತಾಲೂಕಾಯಿತು. ಇಂದು ಇಲ್ಲಿನ ಗ್ಯಾರೇಜುಗಳ ಮುಂದೆ ಕೆಎ 38, ಕೆಎ 39, ಎಂಎಚ್ 24 ಎಂಬ ನಂಬರುಗಳ ವಾಹನಗಳು ಒಟ್ಟಿಗೆ ನಿಲ್ಲುತ್ತವೆ. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಒಂದೇ ದೂರು ಕೇಳಿಬರುತ್ತದೆ: ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿದೆ, ಎಷ್ಟು ತುಳಿದರೂ ಗಾಡಿ ನಿಲ್ಲುತ್ತಿಲ್ಲ.

ಮೇಲ್ನೋಟಕ್ಕೆ ಇದು ಮಿಸ್ತ್ರಿಯ ಕೆಲಸ, ಇತಿಹಾಸಕ್ಕೆ ಸಂಬಂಧವಿಲ್ಲದ ವಿಷಯ. ಆದರೆ ಆ ಗಟ್ಟಿತನದ ಹಿಂದೆ ಮುನ್ನೂರೈವತ್ತು ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಕಮಲನಗರದ ಹಳಿಯ ಮೇಲೆ ದಶಕಗಳ ಕಾಲ ಓಡಿದ ರೈಲು, ಪಕ್ಕದ ರಸ್ತೆಯಲ್ಲಿ ಓಡುವ ಕಾರು, ಎರಡೂ ಬ್ರೇಕಿಗೆ ನೆಚ್ಚಿಕೊಂಡದ್ದು ಒಂದೇ ವಸ್ತುವನ್ನು. ವಸ್ತು ಎನ್ನುವುದೂ ತಪ್ಪು. ಅದು ವಸ್ತುವಿಲ್ಲದ ಸ್ಥಿತಿ, ನಿರ್ವಾತ. ಆದರೆ ರೈಲು ಅದನ್ನು ಬಳಸಿದ ರೀತಿಗೂ ಕಾರು ಬಳಸುವ ರೀತಿಗೂ ಅಜಗಜಾಂತರ. ಆ ವ್ಯತ್ಯಾಸ ತಿಳಿದರೆ ಕಲ್ಲಾದ ಬ್ರೇಕಿನ ಕಾಯಿಲೆ ಅರ್ಧ ತಿಳಿದಂತೆ.

ಗಾಳಿಗೂ ತೂಕವುಂಟು

1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ಉದ್ದನೆಯ ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿ, ಪಾದರಸದ ಬಟ್ಟಲಲ್ಲಿ ಅದನ್ನು ತಲೆಕೆಳಗೆ ನಿಲ್ಲಿಸಿದ. ಪಾದರಸ ಪೂರ್ತಿ ಕೆಳಗಿಳಿಯಲಿಲ್ಲ. ಸುಮಾರು 760 ಮಿಲಿಮೀಟರ್ ಎತ್ತರದಲ್ಲಿ ನಿಂತುಬಿಟ್ಟಿತು. ಅದನ್ನು ಎತ್ತಿ ಹಿಡಿದದ್ದು ನಳಿಗೆಯ ಮೇಲ್ತುದಿಯ ಖಾಲಿ ಜಾಗವಲ್ಲ, ಹೊರಗಿನ ಗಾಳಿಯ ತೂಕ ಎಂದು ಅವನು ವಾದಿಸಿದ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಇದನ್ನು ಪರೀಕ್ಷೆಗೆ ಒಡ್ಡಿದ. ಅವನ ಸೂಚನೆಯಂತೆ 1648ರ ಸೆಪ್ಟೆಂಬರಿನಲ್ಲಿ ಅವನ ಭಾವ ಪಾದರಸದ ನಳಿಗೆಯನ್ನು ಪ್ಯೂ ದ ದೋಮ್ ಬೆಟ್ಟದ ನೆತ್ತಿಗೆ ಒಯ್ದ. ಮೇಲೇರಿದಂತೆ ಪಾದರಸ ಇಳಿಯಿತು. ಎತ್ತರದಲ್ಲಿ ಮೇಲಿರುವ ಗಾಳಿ ಕಡಿಮೆ, ಹಾಗಾಗಿ ಅದರ ಒತ್ತಡವೂ ಕಡಿಮೆ.

ಬೀದರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಅಲ್ಲಿ ಟೊರಿಚೆಲ್ಲಿಯ ಪಾದರಸ 760ರ ಬದಲು 700 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಚಿಕ್ಕ ಲೆಕ್ಕ ಗ್ಯಾರೇಜಿನಲ್ಲಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಆಟೋ ಫಾನ್ ಗೆರಿಕೆ ಇದನ್ನು ಜನರ ಕಣ್ಣೆದುರಿಗೆ ತಂದ. ಸುಮಾರು ಅರ್ಧ ಮೀಟರ್ ಅಡ್ಡಳತೆಯ ಎರಡು ತಾಮ್ರದ ಅರೆಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ ಒಳಗಿನ ಗಾಳಿಯನ್ನು ಪಂಪಿನಿಂದ ತೆಗೆದ. 1657ರಲ್ಲಿ ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರೂ ಅವು ಸುಲಭಕ್ಕೆ ಬಿಡಲಿಲ್ಲ. ಅರ್ಧ ಮೀಟರಿನ ವೃತ್ತದ ಮೇಲೆ ಗಾಳಿ ಒತ್ತುವ ಬಲ ಹತ್ತಿರ ಹತ್ತಿರ ಇಪ್ಪತ್ತು ಕ್ವಿಂಟಲ್. ಗೋಳದೊಳಗಿನ ಖಾಲಿತನ ಏನನ್ನೂ ಎಳೆಯುತ್ತಿರಲಿಲ್ಲ. ಒಳಗಿನಿಂದ ಎದುರು ಒತ್ತುವ ಗಾಳಿ ಇಲ್ಲದ್ದರಿಂದ ಹೊರಗಿನ ಗಾಳಿಯ ತೂಕ ಪೂರ್ತಿಯಾಗಿ ಕೆಲಸ ಮಾಡಿತು, ಅಷ್ಟೇ. ಇಂದಿನ ಕಾರಿನ ಬಾನೆಟ್ಟಿನ ಕೆಳಗೆ, ಚಾಲಕನ ಎದುರಿಗೆ ಇರುವ ಕಪ್ಪು ಬಣ್ಣದ ದುಂಡನೆಯ ತಗಡಿನ ಡಬ್ಬಿ ಆ ಅರೆಗೋಳಗಳ ವಂಶಕ್ಕೇ ಸೇರಿದ್ದು.

ರೈಲು ಕಲಿತ ಪಾಠ

ನಿರ್ವಾತವನ್ನು ಬ್ರೇಕಿಗೆ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ರೈಲ್ವೆ. ಹಿಂದಿನ ಕಾಲದಲ್ಲಿ ಎಂಜಿನ್ನಿಗೊಂದು, ಗಾರ್ಡನ ಡಬ್ಬಿಗೊಂದು ಕೈಬ್ರೇಕು ಇರುತ್ತಿತ್ತು. ನಡುವಿನ ಡಬ್ಬಿಗಳನ್ನು ತಡೆಯುವವರಿಲ್ಲ. ಆಮೇಲೆ ಎಲ್ಲ ಡಬ್ಬಿಗಳ ಕೆಳಗೂ ಒಂದೇ ಕೊಳವೆ ಹಾಯಿಸಿ, ಎಂಜಿನ್ನಿನಿಂದ ಆ ಕೊಳವೆಯ ಗಾಳಿ ಹೀರಿದರೆ ಎಲ್ಲ ಗಾಲಿಗಳಿಗೂ ಬ್ರೇಕು ಬೀಳುವ ಏರ್ಪಾಟು ಬಂತು. ಇದನ್ನು ಸರಳ ನಿರ್ವಾತ ಬ್ರೇಕು ಎಂದರು. ಸರಳವೇನೋ ಹೌದು, ಆದರೆ ಅದರಲ್ಲೊಂದು ಮಾರಕ ದೋಷವಿತ್ತು. ಕೊಳವೆ ತುಂಡಾದರೆ ಗಾಳಿ ಒಳನುಗ್ಗಿ ಬ್ರೇಕು ಇಲ್ಲವಾಗುತ್ತಿತ್ತು.

1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಆ ದೋಷ ಜೀವಗಳನ್ನು ಬಲಿ ತೆಗೆದುಕೊಂಡಿತು. ಪ್ರವಾಸಕ್ಕೆ ಹೊರಟಿದ್ದ ಭಾನುವಾರ ಶಾಲೆಯ ಮಕ್ಕಳು ತುಂಬಿದ್ದ ರೈಲು ಏರಿನಲ್ಲಿ ನಿಂತುಹೋಯಿತು. ಹಿಂದಿನ ಡಬ್ಬಿಗಳನ್ನು ಕಳಚಿ ಮುಂದಿನ ಭಾಗವನ್ನು ಮೊದಲು ಒಯ್ಯಲು ಸಿಬ್ಬಂದಿ ನಿರ್ಧರಿಸಿದರು. ಕಳಚಿದ ಕೂಡಲೇ ಹಿಂದಿನ ಡಬ್ಬಿಗಳ ನಿರ್ವಾತ ಬ್ರೇಕು ಸತ್ತುಹೋಯಿತು. ಗಾರ್ಡನ ಕೈಬ್ರೇಕು ಆ ಭಾರ ತಡೆಯಲಿಲ್ಲ. ಡಬ್ಬಿಗಳು ಇಳಿಜಾರಿನಲ್ಲಿ ಹಿಂದಕ್ಕೋಡಿ, ಹಿಂದಿನಿಂದ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. ಸುಮಾರು 80 ಮಂದಿ ಸತ್ತರು, ಅವರಲ್ಲಿ ಮಕ್ಕಳು ಅನೇಕರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ರೈಲುಗಳಿಗೆಲ್ಲ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯ ಮಾಡಿತು.

ಸ್ವಯಂಚಾಲಿತ ಎಂದರೆ ತರ್ಕವನ್ನೇ ತಿರುಗಿಸಿದ್ದು. ಕೊಳವೆಯಲ್ಲಿ ನಿರ್ವಾತವಿರುವಷ್ಟು ಹೊತ್ತು ಬ್ರೇಕು ಬಿಡುಗಡೆಯಾಗಿರುತ್ತದೆ. ಗಾಳಿ ಒಳನುಗ್ಗಿದರೆ ಬ್ರೇಕು ಬೀಳುತ್ತದೆ. ಚಾಲಕನೇ ಗಾಳಿ ಬಿಡಲಿ, ಕೊಳವೆ ಹರಿಯಲಿ, ಡಬ್ಬಿ ಕಳಚಲಿ, ಫಲ ಒಂದೇ, ರೈಲು ನಿಲ್ಲುತ್ತದೆ. ಭಾರತದ ರೈಲುಗಳು ಬಹುಕಾಲ ಈ ಪದ್ಧತಿಯಲ್ಲೇ ಓಡಿದವು. ಪ್ರಯಾಣಿಕ ಅಪಾಯದ ಸರಪಳಿ ಎಳೆದಾಗ ಆಗುತ್ತಿದ್ದುದೂ ಇದೇ, ಒಂದು ಕವಾಟ ತೆರೆದು ಕೊಳವೆಗೆ ಗಾಳಿ ನುಗ್ಗುತ್ತಿತ್ತು. 1980ರ ದಶಕದಿಂದೀಚೆಗೆ ಭಾರತೀಯ ರೈಲ್ವೆ ಹಂತಹಂತವಾಗಿ ಒತ್ತಿದ ಗಾಳಿಯ ಬ್ರೇಕಿಗೆ ಹೊರಳಿತು. ಅಲ್ಲಿಯೂ ತರ್ಕ ಅದೇ, ಕೊಳವೆ ಒಡೆದರೆ ಗಾಡಿ ನಿಲ್ಲಬೇಕು. ಕೆಟ್ಟಾಗ ಕಾಪಾಡುವ ಕಡೆಗೇ ಕೆಡಬೇಕು ಎಂಬುದು ಆರ್ಮಾ ಕಲಿಸಿದ ಪಾಠ.

ಕಾರಿನ ಕಥೆ ಬೇರೆ

ಕಾರು ಈ ದಾರಿ ಹಿಡಿಯಲಿಲ್ಲ. ಆರಂಭದ ಮೋಟಾರುಗಳಿಗೆ ಎತ್ತಿನ ಬಂಡಿಯಂತೆ ಗಾಲಿಗೆ ಮರದ ತುಂಡು ಒತ್ತುವ ಏರ್ಪಾಟು ಕೂಡ ಇತ್ತು. ನಂತರ ಡ್ರಮ್ಮು, ಅದರೊಳಗೆ ಅಗಲವಾಗುವ ಶೂಗಳು, ಅವನ್ನು ಎಳೆಯಲು ಸರಳು ಮತ್ತು ತಂತಿಗಳು ಬಂದವು. ಬಹುಕಾಲ ಹಿಂದಿನ ಎರಡು ಗಾಲಿಗಳಿಗಷ್ಟೇ ಬ್ರೇಕಿತ್ತು. 1919ರ ಹಿಸ್ಪಾನೊ ಸುಯಿಜಾ ಎಚ್6 ಕಾರು ನಾಲ್ಕೂ ಗಾಲಿಗೆ ಬ್ರೇಕು ಕೊಟ್ಟಿತು. ಅದರ ಜತೆಗೆ ಗಾಡಿಯ ಓಟದಿಂದಲೇ ಶಕ್ತಿ ಕಡ ಪಡೆದು ಕಾಲಿಗೆ ನೆರವಾಗುವ ಯಾಂತ್ರಿಕ ಸರ್ವೊ ಕೂಡ ಇತ್ತು. ರೋಲ್ಸ್ ರಾಯ್ಸ್ ಕಂಪನಿ ಅದರ ಪರವಾನಗಿ ಕೊಂಡಿತೆಂದರೆ ಆ ಉಪಾಯದ ಬೆಲೆ ತಿಳಿಯುತ್ತದೆ.

ಅದೇ ಹೊತ್ತಿಗೆ ಅಮೆರಿಕದ ಮಾಲ್ಕಂ ಲಾಹೆಡ್ ಸರಳು, ತಂತಿಗಳ ಬದಲು ದ್ರವವನ್ನು ತಂದ. 1921ರ ಡ್ಯೂಸನ್‌ಬರ್ಗ್, 1924ರ ಕ್ರೈಸ್ಲರ್ ಕಾರುಗಳು ಹೈಡ್ರಾಲಿಕ್ ಬ್ರೇಕನ್ನು ರಸ್ತೆಗಿಳಿಸಿದವು. ಲಾಕ್‌ಹೀಡ್ ಎಂದು ಇಂದಿಗೂ ಬ್ರೇಕ್ ಭಾಗಗಳ ಮೇಲೆ ಕಾಣುವ ಹೆಸರು ಅವನದೇ. ಮುಚ್ಚಿದ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ತತ್ವವನ್ನು ಬರೆದಿಟ್ಟವನೂ ಪ್ಯಾಸ್ಕಲ್. ಅವನ ಆ ಬರಹ ಅಚ್ಚಾದದ್ದು ಅವನ ಸಾವಿನ ನಂತರ, 1663ರಲ್ಲಿ. ಗಾಳಿಯ ತೂಕ, ದ್ರವದ ಒತ್ತಡ, ಇವೆರಡರ ಲೆಕ್ಕವೂ ಒಬ್ಬನದೇ ಎಂಬುದು ಸ್ವಾರಸ್ಯ.

ಹೈಡ್ರಾಲಿಕ್ಕಿನಿಂದ ನಾಲ್ಕೂ ಗಾಲಿಗೆ ಬಲ ಸಮನಾಗಿ ಹೋಯಿತು. ಆದರೆ ಆ ಬಲವನ್ನು ಕೊಡಬೇಕಾದದ್ದು ಮನುಷ್ಯನ ಕಾಲೇ. ಕಾರುಗಳು ಭಾರವಾದವು, ವೇಗ ಹೆಚ್ಚಿತು. ಆಗ ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡೆವಾಂಡ್ರೆ ಎಂಜಿನ್ನಿನ ಹೀರುವಿಕೆಯನ್ನೇ ಬಳಸಿ ಕಾಲಿಗೆ ನೆರವು ನೀಡುವ ಸರ್ವೊ ರೂಪಿಸಿದ. 1920ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ಬಾಷ್ ಕಂಪನಿ ಅದನ್ನು ತಯಾರಿಸತೊಡಗಿತು. 1928ರಲ್ಲಿ ಅಮೆರಿಕದ ಪಿಯರ್ಸ್ ಆರೋ ಕಾರಿಗೂ ನಿರ್ವಾತದ ಬೂಸ್ಟರ್ ಬಂತು. ಅಲ್ಲಿಂದ ಇಲ್ಲಿಯವರೆಗೆ ಡಬ್ಬಿಯ ಆಕಾರ ಬದಲಾಗಿದೆ, ಮೂಲ ಉಪಾಯ ಬದಲಾಗಿಲ್ಲ.

ಡಬ್ಬಿಯ ಒಳಗೆ

ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಎಂಬ ಚಿಕ್ಕ ಬಾಗಿಲಿದೆ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಅದು ಮುಚ್ಚುತ್ತದೆ. ಆದರೂ ಪಿಸ್ಟನ್‌ಗಳು ಗಾಳಿ ಹೀರುತ್ತಲೇ ಇರುವುದರಿಂದ ಬಾಗಿಲಿನ ಒಳಬದಿಯಲ್ಲಿ ಭಾಗಶಃ ನಿರ್ವಾತ ಉಂಟಾಗುತ್ತದೆ. ಕಾಲು ಆಕ್ಸಲರೇಟರ್ ಬಿಟ್ಟು ಬ್ರೇಕಿಗೆ ಬರುವ ಕ್ಷಣದಲ್ಲೇ ಈ ನಿರ್ವಾತ ಹೆಚ್ಚಾಗಿರುತ್ತದೆ. ಬೇಕಾದಾಗಲೇ ಸಿಗುವ ಇಂಥ ಬಿಟ್ಟಿ ಶಕ್ತಿ ಯಂತ್ರಲೋಕದಲ್ಲಿ ಅಪರೂಪ.

ಬೂಸ್ಟರ್ ಡಬ್ಬಿಯನ್ನು ಒಂದು ರಬ್ಬರ್ ಪರದೆ ಎರಡು ಕೋಣೆಯಾಗಿ ಭಾಗಿಸುತ್ತದೆ. ಕಾಲು ಎತ್ತಿದ್ದಾಗ ಎರಡೂ ಕೋಣೆಗಳಲ್ಲಿ ನಿರ್ವಾತವೇ ಇರುತ್ತದೆ, ಪರದೆ ಅಲುಗದು. ಪೆಡಲ್ ಒತ್ತಿದಾಗ ಒಂದು ಕವಾಟ ಎರಡು ಕೋಣೆಗಳ ನಡುವಿನ ದಾರಿ ಮುಚ್ಚಿ, ಚಾಲಕನ ಕಡೆಯ ಕೋಣೆಗೆ ಹೊರಗಿನ ಗಾಳಿ ಬಿಡುತ್ತದೆ. ಗಾಳಿ ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. ಪರದೆ ಮಾಸ್ಟರ್ ಸಿಲಿಂಡರಿನ ಸರಳನ್ನು ತಳ್ಳುತ್ತದೆ.

ಲೆಕ್ಕ ಹೀಗಿದೆ. 20 ಸೆಂಟಿಮೀಟರ್ ಅಡ್ಡಳತೆಯ ಪರದೆಯ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 0.65 ಕಿಲೋ ಒತ್ತಡದ ವ್ಯತ್ಯಾಸವಿದ್ದರೆ ಒಟ್ಟು ಬಲ 200 ಕಿಲೋ ಮೀರುತ್ತದೆ. ಎರಡು ಕ್ವಿಂಟಲ್ ತೊಗರಿಯ ತೂಕ ಎನ್ನಬಹುದು. ಪೆಡಲಿನ ಸನ್ನೆ ಒಂದಕ್ಕೆ ನಾಲ್ಕರ ಪ್ರಮಾಣದ್ದಾದರೆ, 20 ಕಿಲೋ ಬಲದಿಂದ ಒತ್ತಿದ ಕಾಲು 80 ಕಿಲೋ ಆಗಿ ಡಬ್ಬಿ ಮುಟ್ಟುತ್ತದೆ. ಬೂಸ್ಟರ್ ಸೇರಿದರೆ ಮಾಸ್ಟರ್ ಸಿಲಿಂಡರಿಗೆ ತಲಪುವುದು 280 ಕಿಲೋ. ಬೂಸ್ಟರ್ ಇಲ್ಲದೆ ಅಷ್ಟೇ ಬಲ ಬೇಕಾದರೆ ಕಾಲು 70 ಕಿಲೋ ಒತ್ತಬೇಕು. ಅನೇಕರ ಮೈತೂಕವೇ ಅಷ್ಟಿಲ್ಲ. ಪೆಡಲ್ ಕಲ್ಲಾಗಿದೆ ಎಂಬ ಅನುಭವದ ಹಿಂದಿರುವುದು ಈ ಅಂಕಿಗಳು.

ರೈಲಿಗೂ ಕಾರಿಗೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ರೈಲಿನಲ್ಲಿ ನಿರ್ವಾತ ಹೋದರೆ ಬ್ರೇಕು ತಾನಾಗಿ ಬೀಳುತ್ತಿತ್ತು. ಕಾರಿನಲ್ಲಿ ನಿರ್ವಾತ ಹೋದರೆ ನೆರವು ಹೋಗುತ್ತದೆ. ಆದರೆ ಕಾರಿನ ಬ್ರೇಕು ಆರ್ಮಾದ ಸರಳ ಬ್ರೇಕಿನಂತೆ ಪೂರ್ತಿ ಸಾಯುವುದೂ ಇಲ್ಲ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ನೇರವಾದ ಸರಳಿದೆ. ಬಲವಾಗಿ ಒತ್ತಿದರೆ ಗಾಡಿ ನಿಲ್ಲುತ್ತದೆ. ಅದಕ್ಕೆ ಹೆಚ್ಚು ದೂರ ಹಿಡಿಯುತ್ತದೆ, ಅಷ್ಟೆ. ಯುರೋಪಿನ ಬ್ರೇಕ್ ನಿಯಮಗಳ ಪರೀಕ್ಷೆಯಲ್ಲಿ ಕಾರಿನ ಪೆಡಲಿನ ಮೇಲಿನ ಬಲ 500 ನ್ಯೂಟನ್, ಅಂದರೆ ಸುಮಾರು 50 ಕಿಲೋ ಮೀರಬಾರದೆಂದಿದೆ. ಕಾಲಿಗೆ ಸಾಧ್ಯವಾದ ಮಿತಿಯನ್ನು ಕಾನೂನೇ ಲೆಕ್ಕ ಹಾಕಿದೆ.

ನಮ್ಮ ರಸ್ತೆಗೆ ಬಂದ ಬಗೆ

ಹೈದರಾಬಾದ್ ಸಂಸ್ಥಾನದ ರೈಲ್ವೆ 1932ರಲ್ಲಿ 27 ವಾಹನಗಳೊಂದಿಗೆ ರಸ್ತೆ ಸಾರಿಗೆ ವಿಭಾಗ ಆರಂಭಿಸಿತು. ಹಳಿ ಮತ್ತು ರಸ್ತೆ ಒಂದೇ ಆಡಳಿತದಡಿ ಬಂದ ಕಾಲವದು. ಆದರೆ ಖಾಸಗಿ ಕಾರಿನವರಿಗೆ ಬೂಸ್ಟರಿನ ಪರಿಚಯವಾಗಲು ಇನ್ನೂ ದಶಕಗಳು ಬೇಕಾದವು. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಡರ್, 1960ರ ದಶಕದಲ್ಲಿ ಬಂದ ಫಿಯಟ್, ಅಂದರೆ ಮುಂದೆ ಪದ್ಮಿನಿಯಾದ ಕಾರು, ಎರಡಕ್ಕೂ ಮೊದಮೊದಲು ನಾಲ್ಕೂ ಗಾಲಿಗೆ ಡ್ರಮ್ ಬ್ರೇಕೇ ಇತ್ತು. ಬೂಸ್ಟರ್ ಇರಲಿಲ್ಲ. ಆ ತಲೆಮಾರಿನ ಚಾಲಕರ ಕಾಲಿಗೆ ಗಟ್ಟಿ ಪೆಡಲೇ ಸಹಜ.

ಡ್ರಮ್ಮಿಗೊಂದು ಗುಣವಿದೆ. ತಿರುಗುವ ಡ್ರಮ್ಮು ಮುಂದಿನ ಶೂವನ್ನು ತನ್ನತ್ತ ಇನ್ನಷ್ಟು ಸೆಳೆದುಕೊಂಡು ಬ್ರೇಕಿಗೆ ತಾನೇ ಬಲ ಕೂಡಿಸುತ್ತದೆ. ಡಿಸ್ಕ್ ಬ್ರೇಕಿಗೆ ಆ ಗುಣವಿಲ್ಲ. 1953ರ ಲೆ ಮಾನ್ಸ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ನಂತರ, 1955ರಲ್ಲಿ ಸಿಟ್ರೊಯೆನ್ ಡಿಎಸ್ ಅದನ್ನು ಸಾಮಾನ್ಯರ ಕಾರಿಗೆ ತಂದ ನಂತರ ಡಿಸ್ಕು ಹರಡಿತು. ಬಿಸಿಯಾದರೂ ಹಿಡಿತ ಬಿಡದಿರುವುದು ಅದರ ಹೆಚ್ಚುಗಾರಿಕೆ. ಆದರೆ ಅದಕ್ಕೆ ಹೆಚ್ಚು ಒತ್ತುವ ಬಲ ಬೇಕು, ಹಾಗಾಗಿ ಬೂಸ್ಟರ್ ಅನಿವಾರ್ಯವಾಯಿತು. ಭಾರತದಲ್ಲೂ ಡಿಸ್ಕು ಬಂದಂತೆ ಬೂಸ್ಟರ್ ಕೂಡ ಮನೆಮಾತಾಯಿತು.

ಇನ್ನೊಂದು ತಿರುವು ಡೀಸೆಲ್ಲಿನದು. ಗಡಿಭಾಗದ ರಸ್ತೆಗಳಲ್ಲಿ ಜನ ತುಂಬಿಕೊಂಡು ಓಡುವ ಜೀಪು, ಸುಮೊ, ಕ್ರೂಸರ್‌ಗಳು ಡೀಸೆಲ್ ಗಾಡಿಗಳು. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯ ದಾರಿಗೆ ಬಾಗಿಲೇ ಇಲ್ಲ, ಹಾಗಾಗಿ ಬಿಟ್ಟಿ ನಿರ್ವಾತವೂ ಇಲ್ಲ. ಅದನ್ನು ಹುಟ್ಟಿಸಲು ಪ್ರತ್ಯೇಕ ಪಂಪು ಬೇಕು. ಅನೇಕ ಗಾಡಿಗಳಲ್ಲಿ ಆ ಪಂಪನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗೇ ಕೂರಿಸಿರುತ್ತಾರೆ. ಇಂಥ ಗಾಡಿಯಲ್ಲಿ ಬೆಲ್ಟು ಹರಿದರೆ ಚಾರ್ಜಿಂಗ್ ನಿಲ್ಲುವುದರ ಜತೆಗೆ ಬ್ರೇಕಿನ ನೆರವೂ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿದರೆ, ಊರು ಸೇರಿದ ಮೇಲೆ ನೋಡಿಕೊಳ್ಳೋಣ ಎಂದು ಮುಂದೆ ಹೋಗುವವರು ಬಹಳ. ಆ ದೀಪ ಬ್ರೇಕಿನ ಎಚ್ಚರಿಕೆಯೂ ಹೌದೆಂದು ತಿಳಿದವರು ಕಡಿಮೆ.

ಕಾಲೇ ನಾಡಿ ಹಿಡಿಯುತ್ತದೆ

ಬ್ರೇಕ್ ಸರಿಯಿಲ್ಲ ಎಂಬ ದೂರಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಪೆಡಲ್ ಹತ್ತಿಯಂತೆ ಮೆತ್ತಗಾದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ನೆಲಕ್ಕಿಳಿದರೆ ಮಾಸ್ಟರ್ ಸಿಲಿಂಡರಿನ ವಾಷರು ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಪೆಡಲ್ ಎತ್ತರದಲ್ಲೇ ನಿಂತು ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ದೋಷ ಬೂಸ್ಟರಿನ ಕಡೆಯದು. ಇದನ್ನು ಬೇರ್ಪಡಿಸದೆ ಬ್ರೇಕ್ ಆಯಿಲ್ ಬದಲಿಸಿ, ಗಾಳಿ ತೆಗೆದು, ಪ್ಯಾಡು ಹಾಕಿ ಹಣ ಖರ್ಚು ಮಾಡಿದರೂ ಪೆಡಲ್ ಕಲ್ಲಾಗಿಯೇ ಉಳಿಯುತ್ತದೆ.

ಬೂಸ್ಟರಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಉಳಿದಿದ್ದ ನಿರ್ವಾತ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಕಾಲನ್ನು ಹಾಗೆಯೇ ಒತ್ತಿಟ್ಟು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿದರೆ ಬೂಸ್ಟರಿಗೆ ನಿರ್ವಾತ ತಲಪುತ್ತಿದೆ. ಇಳಿಯದಿದ್ದರೆ ದೋಷ ಪಂಪಿನಲ್ಲೋ ಪೈಪಿನಲ್ಲೋ ಕವಾಟದಲ್ಲೋ ಬೂಸ್ಟರಿನಲ್ಲೋ ಇದೆ.

ಎರಡನೆಯದು, ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಆರಿಸುವುದು. ತುಸು ಹೊತ್ತು ಬಿಟ್ಟು ಪೆಡಲ್ ಒತ್ತಿದರೆ ಮೊದಲ ಸಲ ಆಳಕ್ಕೆ ಹೋಗಬೇಕು, ಎರಡನೆಯ, ಮೂರನೆಯ ಸಲ ಎತ್ತರದಲ್ಲಿ ನಿಲ್ಲಬೇಕು. ಮೊದಲ ಸಲವೇ ಗಟ್ಟಿಯಾಗಿದ್ದರೆ ನಿರ್ವಾತವನ್ನು ಹಿಡಿದಿಡುವ ಏಕಮುಖ ಕವಾಟ ಸೋರುತ್ತಿದೆ, ಅಥವಾ ಡಬ್ಬಿಯೇ ಸೋರುತ್ತಿದೆ.

ಮೂರನೆಯದು, ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು, ಹಾಗೆಯೇ ಎಂಜಿನ್ ಆರಿಸಿ ಅರ್ಧ ನಿಮಿಷ ಕಾಯುವುದು. ಪೆಡಲ್ ಕಾಲನ್ನು ಮೇಲಕ್ಕೆ ದೂಡತೊಡಗಿದರೆ ಡಬ್ಬಿಯೊಳಗೆ ಗಾಳಿ ನುಸುಳುತ್ತಿದೆ. ಪೆಡಲ್ ಒತ್ತಿ ಹಿಡಿದಿರುವಷ್ಟೂ ಹೊತ್ತು ಬುಸ್ ಎಂಬ ಸದ್ದು ನಿಲ್ಲದಿದ್ದರೆ, ಪೆಟ್ರೋಲ್ ಎಂಜಿನ್ನಿನ ಓಟವೂ ಏರುಪೇರಾದರೆ ಪರದೆ ಹರಿದಿರುವ ಸಾಧ್ಯತೆ ಹೆಚ್ಚು.

ಇಷ್ಟಾದ ಮೇಲೆ ಪೈಪಿನ ಸರದಿ. ಎಂಜಿನ್ ಓಡುವಾಗ ಬೂಸ್ಟರಿನಿಂದ ಪೈಪು ಕಳಚಿ ಹೆಬ್ಬೆರಳಿಟ್ಟರೆ ಗಟ್ಟಿಯಾಗಿ ಹೀರಬೇಕು. ಹೀರದಿದ್ದರೆ ಪಂಪು, ಪೈಪು ಅಥವಾ ಕವಾಟದ್ದು ತಪ್ಪು. ಚೆನ್ನಾಗಿ ಹೀರುತ್ತಿದ್ದರೆ ಬೂಸ್ಟರಿನದು. ಕವಾಟವನ್ನು ಬಾಯಿಂದ ಊದಿ ನೋಡಬಹುದು. ಗಾಳಿ ಎಂಜಿನ್ನಿನ ಕಡೆಗೆ ಮಾತ್ರ ಹೋಗಬೇಕು, ತಿರುಗಿ ಬರಬಾರದು. ಗೇಜು ಇರುವ ಗ್ಯಾರೇಜಿನಲ್ಲಿ ಪ್ಯಾಸ್ಕಲನ ಬೆಟ್ಟ ನೆನಪಾಗಬೇಕು. ಸಮುದ್ರಮಟ್ಟದಲ್ಲಿ ಪೆಟ್ರೋಲ್ ಎಂಜಿನ್ ಐಡಲಿನಲ್ಲಿ 18ರಿಂದ 22 ಇಂಚು ಪಾದರಸ ತೋರಿಸುತ್ತದೆ. ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಕಳೆಯಬೇಕು. ಚೆನ್ನೈಯಲ್ಲಿ 19 ತೋರಿಸುವ ಆರೋಗ್ಯವಂತ ಎಂಜಿನ್ ಬೀದರಿನಲ್ಲಿ 17 ತೋರಿಸಿದರೆ ಅದು ರೋಗವಲ್ಲ.

ಬೂಸ್ಟರ್ ಸರಿಯಿದ್ದೂ ಪೆಡಲ್ ಗಟ್ಟಿಯಾಗುವುದುಂಟು. ಡಿಸ್ಕಿನ ಕ್ಯಾಲಿಪರ್ ಪಿಸ್ಟನ್ ಅಥವಾ ಜಾರುಪಿನ್ನು ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು. ಪೆಡಲಿನ ತಿರುಗಣೆ ಬಿಗಿಯಾಗಿರಬಹುದು. ಗಾಲಿಯ ಬಳಿಯ ರಬ್ಬರ್ ಹೋಸು ಒಳಗೇ ಉಬ್ಬಿ ದಾರಿ ಮುಚ್ಚಿರಬಹುದು. ಪ್ಯಾಡು ಸುಟ್ಟು ಗಾಜಿನಂತೆ ನುಣುಪಾಗಿದ್ದರೆ ಪೆಡಲಿನಲ್ಲಿ ದೋಷವಿಲ್ಲದಿದ್ದರೂ ಗಾಡಿ ನಿಲ್ಲದೆ, ಚಾಲಕ ಹೆಚ್ಚು ಹೆಚ್ಚು ತುಳಿಯುತ್ತಾನೆ.

ಮದ್ದು ಮತ್ತು ಒಳದಾರಿ

ಹರಿದ ಅಥವಾ ಒಳಗೇ ಚಪ್ಪಟೆಯಾಗುವ ಪೈಪು, ಕೆಟ್ಟ ಕವಾಟ ಇವು ಸಣ್ಣ ಖರ್ಚಿನ ಕೆಲಸ. ಆದರೆ ಪೈಪು ನಿರ್ವಾತಕ್ಕೆಂದೇ ಮಾಡಿದ್ದಾಗಿರಬೇಕು. ನೀರಿನ ಅಥವಾ ಬೇರೆ ಸಾದಾ ರಬ್ಬರ್ ಪೈಪು ಹಾಕಿದರೆ ಎಂಜಿನ್ನಿನ ಬಿಸಿಗೆ ಮೆತ್ತಗಾಗಿ, ಹೀರಿದಾಗ ಗೋಡೆಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚುತ್ತವೆ. ಡೀಸೆಲ್ ಗಾಡಿಯಲ್ಲಿ ಮೊದಲು ಬೆಲ್ಟು, ನಂತರ ಪಂಪು ನೋಡಬೇಕು. ಪಂಪಿನ ಒಳಗಿನ ತೆಳು ಅಲಗುಗಳಿಗೆ ಎಂಜಿನ್ ಆಯಿಲೇ ಜೀವ. ಅದನ್ನು ತರುವ ಸಣ್ಣ ಕೊಳವೆ ಕಟ್ಟಿಕೊಂಡರೆ ಹೊಸ ಪಂಪೂ ಬೇಗ ಸವೆಯುತ್ತದೆ. ಆಯಿಲನ್ನು ಕಾಲಕಾಲಕ್ಕೆ ಬದಲಿಸುವುದು ಎಂಜಿನ್ನಿಗಷ್ಟೇ ಅಲ್ಲ, ಬ್ರೇಕಿಗೂ ಮಾಡುವ ಆರೈಕೆ.

ಬೂಸ್ಟರ್ ಬದಲಿಸುವಾಗ ಹಳೆಯದರೊಳಗೆ ಬ್ರೇಕ್ ಆಯಿಲ್ ಇದೆಯೇ ಎಂದು ನೋಡುವುದು ಜಾಣತನ. ಇದ್ದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ವಾಷರು ಸೋರಿ ಬೂಸ್ಟರಿನ ರಬ್ಬರನ್ನು ಕೆಡಿಸಿದೆ. ಎರಡನ್ನೂ ಸರಿಪಡಿಸದಿದ್ದರೆ ಹೊಸ ಬೂಸ್ಟರಿಗೂ ಅದೇ ಗತಿ. ಬ್ರೇಕ್ ಆಯಿಲಿನ ಡಬ್ಬಿಗೆ ಎಂಜಿನ್ ಆಯಿಲನ್ನೋ ಬೇರೆ ಖನಿಜ ಎಣ್ಣೆಯನ್ನೋ ಸುರಿಯುವ ತಪ್ಪು ಇನ್ನೂ ದುಬಾರಿ. ಹೆಸರಿನಲ್ಲಿ ಆಯಿಲ್ ಎಂದಿದ್ದರೂ ಸಾಮಾನ್ಯ ಬ್ರೇಕ್ ದ್ರವ ಗ್ಲೈಕಾಲ್ ಜಾತಿಯದು. ಅದಕ್ಕೆಂದೇ ಮಾಡಿದ ರಬ್ಬರು ಖನಿಜ ಎಣ್ಣೆಯಲ್ಲಿ ಉಬ್ಬುತ್ತದೆ. ಪೆಡಲ್ ಬಿಗಿಯುತ್ತದೆ, ಬ್ರೇಕು ಬಿಡದೆ ಗಾಲಿ ಕಾಯುತ್ತದೆ. ಕೊನೆಗೆ ರಬ್ಬರಿನ ಎಲ್ಲ ಭಾಗಗಳನ್ನೂ ಬದಲಿಸಬೇಕಾಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಒಂದು ಒಳದಾರಿ. ಬೂಸ್ಟರಿನ ಪರದೆ ಹರಿದಾಗ ಪೆಟ್ರೋಲ್ ಎಂಜಿನ್ ನಡುಗುತ್ತದೆ, ಐಡಲಿನಲ್ಲಿ ನಿಂತುಹೋಗುತ್ತದೆ. ಪೈಪು ಕಳಚಿ ಅದರ ಬಾಯಿಗೆ ಬೋಲ್ಟು ತುರುಕಿದರೆ ಎಂಜಿನ್ ನೆಟ್ಟಗಾಗುತ್ತದೆ. ಗಿರಾಕಿಗೆ ಗಾಡಿ ರಿಪೇರಿಯಾದಂತೆ ಕಾಣುತ್ತದೆ. ವಾಸ್ತವವಾಗಿ ಎಂಜಿನ್ನಿನ ನಡುಕವನ್ನು ಬ್ರೇಕಿನ ಬೆಲೆ ಕೊಟ್ಟು ನಿಲ್ಲಿಸಿದಂತಾಗಿದೆ.

ಇಳಿಜಾರಿನ ಉಳಿತಾಯ

ಬೀದರಿನ ಪ್ರಸ್ಥಭೂಮಿಯಿಂದ ಮಾಂಜ್ರಾ ಕಣಿವೆಗೆ ಇಳಿಯುವಂಥ ರಸ್ತೆಗಳಲ್ಲಿ ಇಂಧನ ಉಳಿಸಲೆಂದು ಎಂಜಿನ್ ಆರಿಸಿ, ನ್ಯೂಟ್ರಲ್ಲಿನಲ್ಲಿ ಗಾಡಿ ಬಿಡುವ ಚಾಳಿ ಹಳೆಯದು. ಬೂಸ್ಟರ್ ಇಲ್ಲದ ಕಾಲದ ಕಾರಿಗೂ ಅದು ಒಳ್ಳೆಯದಾಗಿರಲಿಲ್ಲ, ಇಂದಿನ ಗಾಡಿಗಂತೂ ಘಾತಕ. ಏಕಮುಖ ಕವಾಟ ಉಳಿಸಿಟ್ಟ ನಿರ್ವಾತ ಎರಡು ಮೂರು ಸಲದ ಬ್ರೇಕಿಗೆ ಸಾಕು. ನಾಲ್ಕನೆಯ ಸಲ ತಿರುವಿನಲ್ಲಿ ಎತ್ತೋ ಟ್ರ್ಯಾಕ್ಟರೋ ಎದುರಾದರೆ ಕಾಲಿಗೆ ಸಿಗುವುದು ಕಲ್ಲು. ಎಂಜಿನ್ನಿನ ತಡೆಯೂ ಇಲ್ಲ, ಪವರ್ ಸ್ಟಿಯರಿಂಗಿನ ನೆರವೂ ಇಲ್ಲ. ಉಳಿದದ್ದು ಚಮಚದಷ್ಟು ಎಣ್ಣೆ, ಕಳೆದುಕೊಳ್ಳುವುದು ಜೀವ.

ಓಡುವಾಗಲೇ ಪೆಡಲ್ ಕಲ್ಲಾದರೆ ಮಾಡಬೇಕಾದದ್ದನ್ನು ಮೊದಲೇ ತಿಳಿದಿರಬೇಕು, ಆ ಕ್ಷಣದಲ್ಲಿ ಯೋಚಿಸಲು ಪುರುಸೊತ್ತಿರದು. ಬ್ರೇಕ್ ಹೋಯಿತೆಂದು ಕಾಲು ತೆಗೆಯಬಾರದು. ಪಂಪಿನಂತೆ ಒತ್ತಿ ಬಿಟ್ಟು ಮಾಡಿದರೆ ಉಳಿದ ನಿರ್ವಾತವೂ ವ್ಯರ್ಥವಾಗುತ್ತದೆ. ಪೆಡಲನ್ನು ಒಂದೇ ಸಮನೆ, ಬೇಕಾದರೆ ಎರಡೂ ಕಾಲಿನಿಂದ, ಬೆನ್ನನ್ನು ಸೀಟಿಗೆ ಒರಗಿಸಿ ಒತ್ತಬೇಕು. ಗೇರು ಇಳಿಸುತ್ತ ಎಂಜಿನ್ನಿನ ತಡೆ ಪಡೆಯಬೇಕು. ಕೈಬ್ರೇಕನ್ನು ಮೆಲ್ಲಗೆ ಎಳೆಯಬೇಕು. ಬ್ರೇಕು ಸತ್ತಿಲ್ಲ, ಅದರ ನೆರವು ಮಾತ್ರ ಹೋಗಿದೆ ಎಂಬ ತಿಳಿವಳಿಕೆಯೇ ಇಲ್ಲಿ ಪ್ರಾಣ ಉಳಿಸುತ್ತದೆ. ಹಾಗೆ ನಿಲ್ಲಿಸಿದ ಗಾಡಿಯನ್ನು ಮತ್ತೆ ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಕ್ಷೇಮ.

ಎಂಜಿನ್ನೇ ಇಲ್ಲದ ವಿದ್ಯುತ್ ಕಾರುಗಳು ಬಂದಿವೆ. ಅವುಗಳಲ್ಲಿ ಬಿಟ್ಟಿ ನಿರ್ವಾತವಿಲ್ಲ. ಕೆಲವು ಕಾರುಗಳು ವಿದ್ಯುತ್ ಪಂಪಿನಿಂದ ನಿರ್ವಾತ ಹುಟ್ಟಿಸುತ್ತವೆ. ಇನ್ನು ಕೆಲವು ನಿರ್ವಾತವನ್ನೇ ಕೈಬಿಟ್ಟು ಮೋಟರಿನಿಂದ ನೇರವಾಗಿ ಸರಳನ್ನು ತಳ್ಳುತ್ತವೆ. 1920ರ ದಶಕದಲ್ಲಿ ಬಂದ ಡಬ್ಬಿ ಮೆಲ್ಲಗೆ ಹಿಂದೆ ಸರಿಯುತ್ತಿದೆ. ಆದರೂ ಹಳೆಯ ಡೀಸೆಲ್ ಗಾಡಿಗಳು ಕೈಯಿಂದ ಕೈಗೆ, ಜಿಲ್ಲೆಯಿಂದ ಜಿಲ್ಲೆಗೆ ಮಾರಾಟವಾಗುತ್ತ ಓಡುವ ಗಡಿನಾಡಿನಲ್ಲಿ ಆ ಡಬ್ಬಿಗೆ ಇನ್ನೂ ಬಹಳ ವರ್ಷ ಕೆಲಸವಿದೆ. ಹಳೆಯ ಗಾಡಿ ಕೊಳ್ಳುವವರು ಬಣ್ಣ, ಟೈರು, ಕಾಗದಪತ್ರ ನೋಡುತ್ತಾರೆ. ಎಂಜಿನ್ ಆರಿಸಿ ನಾಲ್ಕು ಸಲ ಬ್ರೇಕ್ ತುಳಿದು, ಕಾಲು ಒತ್ತಿಟ್ಟೇ ಚಾಲೂ ಮಾಡಿ ನೋಡಲು ಅರ್ಧ ನಿಮಿಷ ಸಾಕು. ಪೆಡಲ್ ಒಂದಿಷ್ಟು ಕೆಳಗಿಳಿದರೆ ಗಾಳಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ.